ಚಲನೆ ಯಂತ್ರಕ್ಕೆ, ಬೆಳಕು ನಮಗೆ: ಡ್ರೋನ್ ಚಿತ್ರೀಕರಣದಲ್ಲಿ ಸ್ವಯಂಚಾಲಿತ ಸೌಲಭ್ಯಗಳ ಬಳಕೆ

ಆತ್ಮೀಯರೇ, ಡ್ರೋನ್ ಹಾರಿಸುವುದನ್ನು ಈಗಷ್ಟೇ ಕಲಿಯುತ್ತಿರುವವರೂ ಕೆಲವು ವರ್ಷಗಳಿಂದ ಹಾರಿಸುತ್ತ ಬಂದವರೂ ಈ ಸಭೆಯಲ್ಲಿದ್ದೀರಿ. ನಿಮ್ಮೆಲ್ಲರಿಗೂ ಪರಿಚಯವಿರುವ ಒಂದು ಬೇಸರದಿಂದಲೇ ಮಾತು ಆರಂಭಿಸುತ್ತೇನೆ. ಹಾರಿಸುವಾಗ ರಿಮೋಟಿನ ಪುಟ್ಟ ಪರದೆಯ ಮೇಲೆ ಸೊಗಸಾಗಿ ಕಂಡ ದೃಶ್ಯವನ್ನು ಆಮೇಲೆ ದೊಡ್ಡ ಪರದೆಯ ಮೇಲೆ ಹಾಕಿ ನೋಡಿದರೆ, ಚಲನೆ ಎಲ್ಲೋ ಒಂದು ಕಡೆ ತಡವರಿಸಿರುತ್ತದೆ. ಇಲ್ಲವೇ ಶಾಟಿನ ನಡುವೆ ನೆಲ ಇದ್ದಕ್ಕಿದ್ದಂತೆ ಕಪ್ಪಾಗಿ, ಎರಡು ಸೆಕೆಂಡು ಬಿಟ್ಟು ಮತ್ತೆ ತಿಳಿಯಾಗಿರುತ್ತದೆ. ಮೊದಲನೆಯ ದೋಷ ನಮ್ಮ ಬೆರಳುಗಳದು. ಎರಡನೆಯದು ನಾವು ಕೇಳದೆಯೇ ಕ್ಯಾಮೆರಾ ಮಾಡಿಕೊಟ್ಟದ್ದು. ಒಂದನ್ನು ಸರಿಪಡಿಸಲು ಸ್ವಯಂಚಾಲಿತ ಸೌಲಭ್ಯವನ್ನು ಬಳಸಬೇಕು, ಇನ್ನೊಂದನ್ನು ಸರಿಪಡಿಸಲು ಸ್ವಯಂಚಾಲಿತ ಸೌಲಭ್ಯವನ್ನು ನಿಲ್ಲಿಸಬೇಕು. ಎರಡಕ್ಕೂ ‘ಆಟೋ’ ಎಂಬ ಒಂದೇ ಹೆಸರಿರುವುದರಿಂದ, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ಗೊಂದಲ ಹೊಸಬರನ್ನು ಬಹಳ ದಿನ ಕಾಡುತ್ತದೆ. ಆ ಗೊಂದಲವನ್ನು ಬಿಡಿಸುವುದೇ ಇಂದಿನ ನನ್ನ ಉದ್ದೇಶ.

ಒಂದು ಕಾಲದಲ್ಲಿ ಒಳ್ಳೆಯ ವೈಮಾನಿಕ ದೃಶ್ಯವೆಂದರೆ ಹೆಚ್ಚಾಗಿ ಇಬ್ಬರು ಸೇರಿ ಮಾಡುವ ಕೆಲಸವಾಗಿತ್ತು. 2014ರಲ್ಲಿ ಬಂದ ಡಿಜೆಐ ಕಂಪನಿಯ ಇನ್‌ಸ್ಪೈರ್ 1 ಡ್ರೋನನ್ನು ಎರಡು ರಿಮೋಟ್‌ಗಳಿಂದ ನಡೆಸಬಹುದಾಗಿತ್ತು. ಒಬ್ಬರು ಹಾರಿಸಿದರೆ ಇನ್ನೊಬ್ಬರು ಕ್ಯಾಮೆರಾ ತಿರುಗಿಸುತ್ತಿದ್ದರು. ಮರುವರ್ಷ ಬಂದ 3ಡಿಆರ್ ಸೋಲೊ, ಎರಡು ಬಿಂದುಗಳ ನಡುವೆ ಕಣ್ಣಿಗೆ ಕಾಣದ ತಂತಿ ಬಿಗಿದಂತೆ ನೇರವಾಗಿ ಸಾಗುವ ಮತ್ತು ಒಂದು ಕೇಂದ್ರದ ಸುತ್ತ ತಾನೇ ಸುತ್ತುವ ವಿಧಾನಗಳನ್ನು ಒಬ್ಬನೇ ಹಾರಿಸುವವನ ಕೈಗೆ ಕೊಟ್ಟಿತು. 2016ರ ಫ್ಯಾಂಟಮ್ 4, ಪರದೆಯ ಮೇಲೆ ಬೆರಳಿನಿಂದ ಗುರುತಿಸಿದ ವ್ಯಕ್ತಿಯನ್ನು ಹಿಂಬಾಲಿಸುವುದನ್ನೂ ಎದುರಿನ ಅಡೆತಡೆಯನ್ನು ಗ್ರಹಿಸುವುದನ್ನೂ ಕಲಿತು ಬಂದಿತು. 2017ರಲ್ಲಿ ಅಂಗೈಯಗಲದ ಸ್ಪಾರ್ಕ್ ಬಂದಾಗ ಡ್ರೋನಿ, ರಾಕೆಟ್, ಸರ್ಕಲ್, ಹೀಲಿಕ್ಸ್ ಎಂಬ ಸಿದ್ಧ ಶಾಟ್‌ಗಳು ಒಂದು ಗುಂಡಿಯಷ್ಟು ಹತ್ತಿರವಾದವು. 2018ರ ಸ್ಕೈಡಿಯೊ ಆರ್1 ಒಟ್ಟು 13 ಕ್ಯಾಮೆರಾಗಳನ್ನು ಹೊತ್ತಿತ್ತು. ಅವುಗಳಲ್ಲಿ ಒಂದು ಮಾತ್ರ ಚಿತ್ರೀಕರಣಕ್ಕೆ, ಉಳಿದ ಹನ್ನೆರಡೂ ದಾರಿ ನೋಡಿಕೊಳ್ಳುವುದಕ್ಕೆ. ಹೀಗೆ ನಾಲ್ಕೈದು ವರ್ಷಗಳೊಳಗೆ ಎರಡನೆಯ ವ್ಯಕ್ತಿಯ ಕೆಲಸದ ಬಹುಪಾಲು ಯಂತ್ರದೊಳಕ್ಕೆ ಬಂದು ಕುಳಿತಿತು.

ಬಂದದ್ದು ಯಾವ ಕೆಲಸ ಎಂಬುದನ್ನು ನೋಡಬೇಕು. ದಿಕ್ಕು ತಪ್ಪದಿರುವುದು, ವೇಗ ಏರಿಳಿಯದಿರುವುದು, ತಿರುವಿನ ಬಾಗು ಕೆಡದಿರುವುದು ಇವೆಲ್ಲ ರೇಖಾಗಣಿತದ ಕೆಲಸಗಳು. ಇವುಗಳಲ್ಲಿ ಯಂತ್ರ ನಮಗಿಂತ ಮೇಲು, ಅದನ್ನು ಒಪ್ಪಿಕೊಳ್ಳಲು ಸಂಕೋಚ ಬೇಡ. ಆದರೆ ದೃಶ್ಯದಲ್ಲಿ ಯಾವುದು ಬೆಳಗಬೇಕು, ಯಾವುದು ನೆರಳಿನಲ್ಲಿ ಉಳಿಯಬೇಕು, ಸಂಜೆ ಎಷ್ಟು ಕೆಂಪಾಗಿರಬೇಕು ಎಂಬುದು ಗಣಿತವಲ್ಲ, ಆಯ್ಕೆ. ಆದ್ದರಿಂದ ನಾನು ಹಿಡಿದುಕೊಂಡು ಬಂದ ಕ್ರಮ ಸರಳವಾದದ್ದು: ಚಲನೆಯನ್ನು ಯಂತ್ರಕ್ಕೆ ಧಾರಾಳವಾಗಿ ಬಿಡುತ್ತೇನೆ, ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳಗಿರಬೇಕೆಂಬುದು), ಬಣ್ಣ, ಫೋಕಸ್ ಮೂರನ್ನೂ ಶಾಟ್ ಆರಂಭವಾಗುವ ಮೊದಲೇ ಲಾಕ್ ಮಾಡಿಬಿಡುತ್ತೇನೆ.

ಚಲನೆಯ ಮಾತನ್ನು ಸುತ್ತುವ ಶಾಟಿನಿಂದಲೇ ಆರಂಭಿಸೋಣ. ಒಂದು ಒಂಟಿ ಮರವನ್ನು ನಡುವೆ ಇಟ್ಟುಕೊಂಡು ಕೈಯಿಂದಲೇ ಸುತ್ತಬೇಕಾದರೆ, ಬಲಗೈ ಬೆರಳು ಡ್ರೋನನ್ನು ಬಲಕ್ಕೆ ಸರಿಸುತ್ತಿರುವಾಗಲೇ ಎಡಗೈ ಬೆರಳು ಅದರ ಮೂತಿಯನ್ನು ಎಡಕ್ಕೆ ತಿರುಗಿಸುತ್ತಿರಬೇಕು, ಮತ್ತು ಈ ಎರಡರ ಪ್ರಮಾಣ ಒಂದು ಕ್ಷಣವೂ ತಪ್ಪಬಾರದು. 30 ಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗುವ ಡ್ರೋನ್ ಸೆಕೆಂಡಿಗೆ ಸುಮಾರು 5.7 ಡಿಗ್ರಿಯಂತೆ ತಿರುಗುತ್ತಲೇ ಇರಬೇಕಾಗುತ್ತದೆ. ಅದು 5ಕ್ಕೆ ಇಳಿದರೆ ಮರ ನಿಧಾನವಾಗಿ ಒಂದು ಅಂಚಿಗೆ ಜಾರುತ್ತದೆ, 6.5ಕ್ಕೆ ಏರಿದರೆ ಇನ್ನೊಂದು ಅಂಚಿಗೆ. ಇದಕ್ಕೆ ಗಾಳಿಯನ್ನೂ ಸೇರಿಸಿಕೊಳ್ಳಿ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈ ಇದನ್ನು ಮಾಡಬಲ್ಲದು. ಕೇಂದ್ರವನ್ನು ಗುರುತಿಸಿಕೊಟ್ಟರೆ ಯಂತ್ರ ಮೊದಲ ಸಲಕ್ಕೇ ಮಾಡುತ್ತದೆ.

ಆದರೆ ಯಂತ್ರಕ್ಕೆ ಒಪ್ಪಿಸುವ ಮೊದಲು ನಾವು ನಿರ್ಧರಿಸಬೇಕಾದ ಸಂಗತಿಗಳಿವೆ. ಇದೇ ತ್ರಿಜ್ಯ, ಇದೇ ವೇಗದಲ್ಲಿ ಒಂದು ಪೂರ್ಣ ಸುತ್ತಿಗೆ 63 ಸೆಕೆಂಡು ಬೇಕು. ಎಡಿಟಿಂಗ್ ಮುಗಿದ ವಿಡಿಯೊದಲ್ಲಿ ಒಂದು ಶಾಟ್ ಅಷ್ಟು ಹೊತ್ತು ನಿಲ್ಲುವುದು ಅಪರೂಪ. ಹತ್ತು ಸೆಕೆಂಡು ನಿಂತರೆ ಹೆಚ್ಚು. ಆ ಹತ್ತು ಸೆಕೆಂಡುಗಳಲ್ಲಿ ಡ್ರೋನ್ ಸುಮಾರು 57 ಡಿಗ್ರಿಯಷ್ಟು, ಎಂದರೆ ವೃತ್ತದ ಆರನೆಯ ಒಂದು ಭಾಗಕ್ಕಿಂತ ಕೊಂಚ ಕಡಿಮೆ ಸುತ್ತಿರುತ್ತದೆ. ನಮಗೆ ಬೇಕಾದದ್ದು ಆ ಒಂದು ಭಾಗ ಮಾತ್ರ. ಸೂರ್ಯ ಯಾವ ಕಡೆ ಇದ್ದಾನೆ, ಹಿನ್ನೆಲೆಯಲ್ಲಿ ಯಾವಾಗ ಗುಡ್ಡ ಬರುತ್ತದೆ, ಯಾವಾಗ ನಿಲ್ಲಿಸಿದ ವಾಹನಗಳು ಬರುತ್ತವೆ ಎಂದು ಒಂದು ಸಲ ಬರಿದೆ ಸುತ್ತಿಸಿ ನೋಡಿ, ಆ 57 ಡಿಗ್ರಿಯನ್ನು ಆರಿಸಿಕೊಂಡು ಆಮೇಲೆ ರೆಕಾರ್ಡ್ ಮಾಡಬೇಕು. ಮುಂದೆ ಹುಲ್ಲೋ ಬಂಡೆಯೋ ಇದ್ದು, ಅದು ಹಿನ್ನೆಲೆಗಿಂತ ಬೇಗ ಸರಿಯುವಂತಿದ್ದರೆ ದೃಶ್ಯಕ್ಕೆ ಆಳ ಬರುತ್ತದೆ. ಬಯಲಿನ ನಡುವೆ ಒಂದೇ ವಸ್ತುವನ್ನು ಸುತ್ತಿದರೆ ಆ ವಸ್ತುವೇ ತಿರುಗುಮಣೆಯ ಮೇಲೆ ತಿರುಗುತ್ತಿರುವಂತೆ ಕಾಣುತ್ತದೆ.

ವೇಗದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಸಿದ್ಧ ಶಾಟ್‌ಗಳು ಸಪ್ಪೆಯಾಗಿ ಕಾಣಲು ಬಹಳ ಸಲ ಇದೇ ಕಾರಣ. ನೋಡುವವರ ಕಣ್ಣಿಗೆ ತಟ್ಟುವ ವೇಗ ಡ್ರೋನಿನ ವೇಗವಲ್ಲ, ಆ ವೇಗವನ್ನು ದೂರದಿಂದ ಭಾಗಿಸಿ ಬಂದದ್ದು. ನೆಲದಿಂದ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್ ಸಾಗಿದಾಗ ನೆಲ ಓಡುವ ಅನುಭವವನ್ನು 100 ಮೀಟರ್ ಎತ್ತರದಲ್ಲಿ ಪಡೆಯಲು ಸೆಕೆಂಡಿಗೆ 50 ಮೀಟರ್ ಬೇಕಾಗುತ್ತದೆ. ನಮ್ಮ ಕೈಯಲ್ಲಿರುವ ಯಾವ ಸಾಧಾರಣ ಡ್ರೋನೂ ಅಷ್ಟು ವೇಗವಾಗಿ ಹೋಗಲಾರದು. ಹೊಸಬರು ಎತ್ತರಕ್ಕೆ ಏರಿಸಿದಷ್ಟೂ ದೃಶ್ಯ ಭವ್ಯವಾಗುತ್ತದೆ ಎಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ, ಮರದ ನೆತ್ತಿಗಿಂತ ಒಂದಿಷ್ಟೇ ಮೇಲಿನ ಎತ್ತರದಲ್ಲಿ ಸಿಗುವ ದೃಶ್ಯಗಳೇ ಹೆಚ್ಚು ಜೀವಂತವಾಗಿರುತ್ತವೆ.

ಈಗ ಅಪಾಯದ ಮಾತು. ಸ್ವಯಂಚಾಲಿತ ಶಾಟ್‌ಗಳ ಸ್ವರೂಪವನ್ನು ಒಮ್ಮೆ ಗಮನಿಸಿ: ಡ್ರೋನಿ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ, ರಾಕೆಟ್ ಕ್ಯಾಮೆರಾವನ್ನು ಕೆಳಗಿಟ್ಟು ನೆಟ್ಟಗೆ ಮೇಲೇರುತ್ತದೆ, ಸರ್ಕಲ್ ಪಕ್ಕಕ್ಕೆ ಸರಿಯುತ್ತದೆ, ಹೀಲಿಕ್ಸ್ ಸುರುಳಿಯಾಗಿ ಹೊರಕ್ಕೆ ಹೋಗುತ್ತದೆ. ಇವುಗಳಲ್ಲಿ ಒಂದಾದರೂ ಕ್ಯಾಮೆರಾ ನೋಡುತ್ತಿರುವ ದಿಕ್ಕಿಗೆ ಹೋಗುವುದಿಲ್ಲ. ಅಂದರೆ ಪರದೆಯನ್ನೇ ನೋಡುತ್ತ ನಿಂತವರಿಗೆ ಎದುರಾಗಲಿರುವ ಅಡ್ಡಿ ಕೊನೆಯವರೆಗೂ ಕಾಣುವುದೇ ಇಲ್ಲ.

ನನಗೆ ಇದು ಅರ್ಥವಾದದ್ದು ಒಂದು ಡ್ರೋನ್ ಬಿದ್ದ ಮೇಲೆ. ಎಲೆ ಉದುರಿದ ಕಾಲ. ದೊಡ್ಡದೊಂದು ಮರದ ಸುತ್ತ 20 ಮೀಟರ್ ತ್ರಿಜ್ಯವಿಟ್ಟು ಸರ್ಕಲ್ ಒತ್ತಿದೆ. ಪರದೆಯ ಮೇಲೆ ಮರ ನಡುವೆ ಕದಲದೆ ನಿಂತಿತ್ತು, ಹಿಂದಿನ ಆಕಾಶ ಮೆಲ್ಲಗೆ ಸರಿಯುತ್ತಿತ್ತು, ನಾನು ಅದನ್ನೇ ಮೆಚ್ಚಿಕೊಂಡು ನೋಡುತ್ತಿದ್ದೆ. ಸುಮಾರು ಕಾಲು ಸುತ್ತಾದ ಮೇಲೆ ಪರದೆ ಒಮ್ಮೆಲೇ ವಾಲಿ, ಆಕಾಶ, ನೆಲ, ಆಕಾಶ ಎಂದು ಮಗುಚಿ, ಕೊನೆಗೆ ಹುಲ್ಲಿನ ಬುಡ ಮಾತ್ರ ಉಳಿಯಿತು. ಪಕ್ಕದ ಇನ್ನೊಂದು ಮರದ ಪೆನ್ಸಿಲ್‌ಗಿಂತ ತೆಳ್ಳಗಿನ ಒಣಕೊಂಬೆ ಡ್ರೋನಿನ ದಾರಿಗೆ ಚಾಚಿಕೊಂಡಿತ್ತು. ಮುರಿದ ಪ್ರೊಪೆಲರನ್ನು ಎತ್ತಿಕೊಂಡು ನೋಡಿದೆ: ತುದಿ ಹಾರಿಹೋದ ಜಾಗದಲ್ಲಿ ತೊಗಟೆಯ ಕಂದು ಪುಡಿ ಅಂಟಿತ್ತು, ಒಂದು ಗೀಟು ಬುಡದವರೆಗೂ ಎಳೆದಿತ್ತು. ಆ ಡ್ರೋನಿಗೆ ಮುಂದೆ, ಹಿಂದೆ, ಕೆಳಗೆ ಅಡ್ಡಿ ಗ್ರಹಿಸುವ ಸೆನ್ಸರ್‌ಗಳಿದ್ದವು, ಪಕ್ಕಗಳಲ್ಲಿ ಇರಲಿಲ್ಲ. ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿಯೇ ಬರೆದಿತ್ತು.

ಎಲ್ಲ ದಿಕ್ಕುಗಳಲ್ಲೂ ಸೆನ್ಸರ್ ಇರುವ ಡ್ರೋನ್‌ಗಳು ಈಗ ಬಂದಿವೆ, ನಿಜ. ಆದರೂ ಅವುಗಳಲ್ಲಿ ಹೆಚ್ಚಿನವು ಕ್ಯಾಮೆರಾ ಕಣ್ಣಿನಿಂದಲೇ ನೋಡುವಂಥವು. ನೋಡಲು ಬೆಳಕೂ ಬೇಕು, ಗುರುತು ಹಿಡಿಯಲು ಮೇಲ್ಮೈಯಲ್ಲಿ ಒಂದಿಷ್ಟು ವಿವರವೂ ಬೇಕು. ವಿದ್ಯುತ್ ತಂತಿ, ಎಲೆಯಿಲ್ಲದ ಕೊಂಬೆ, ಗಾಜಿನ ಗೋಡೆ, ನಿಶ್ಚಲವಾದ ನೀರು, ಮುಸ್ಸಂಜೆ ಇವು ಐದೂ ಅವುಗಳನ್ನು ಮೋಸಗೊಳಿಸುತ್ತವೆ. ವೇಗವಾಗಿ ಹಾರಿಸುವ ಸ್ಪೋರ್ಟ್ ಮೋಡಿನಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ನಿಂತುಹೋಗುತ್ತದೆ. ಆದ್ದರಿಂದ ಗುಂಡಿ ಒತ್ತುವ ಮೊದಲು ಡ್ರೋನ್ ಹೋಗಲಿರುವ ದಾರಿಯನ್ನು ನಾವೇ ಒಮ್ಮೆ ಕಣ್ಣಿನಿಂದ ಅಳೆಯಬೇಕು. ಶಾಟ್ ನಡೆಯುವಾಗ ಕಣ್ಣು ಡ್ರೋನಿನ ಮೇಲಿರಬೇಕು, ಹೆಬ್ಬೆರಳು ನಿಲ್ಲಿಸುವ ಗುಂಡಿಯ ಮೇಲಿರಬೇಕು. ಪರದೆಗೆ ಆಗಾಗ ಒಂದು ನೋಟ ಸಾಕು. ಚಲನೆಯನ್ನು ಯಂತ್ರಕ್ಕೆ ಬಿಟ್ಟಿದ್ದರ ನಿಜವಾದ ಲಾಭ ಇದೇ: ಬೆರಳುಗಳ ಮೇಲಿನ ಗಮನವನ್ನು ತೆಗೆದು ಆಕಾಶದ ಮೇಲೆ ಇಡಬಹುದು.

ವ್ಯಕ್ತಿಯನ್ನೋ ವಾಹನವನ್ನೋ ಹಿಂಬಾಲಿಸುವ ಸೌಲಭ್ಯದಲ್ಲಿ ಮೂರು ಬಗೆ ಕಾಣಸಿಗುತ್ತವೆ. ಹಿಂದೆ ಅಥವಾ ಮುಂದೆ ಅಂತರ ಕಾಯ್ದುಕೊಂಡು ಸಾಗುವುದು ಒಂದು. ಪಕ್ಕದಲ್ಲಿ ಸಮಾನಾಂತರವಾಗಿ ಸಾಗುವುದು ಇನ್ನೊಂದು. ಹಾರಿಸುವ ಕೆಲಸವನ್ನು ನಮಗೇ ಬಿಟ್ಟು ಕ್ಯಾಮೆರಾವನ್ನು ಮಾತ್ರ ವ್ಯಕ್ತಿಯ ಕಡೆಗೆ ನೆಟ್ಟಿರುವುದು ಮೂರನೆಯದು. ಡಿಜೆಐ ಡ್ರೋನ್‌ಗಳಲ್ಲಿ ಈ ಮೂರನೆಯದಕ್ಕೆ ಸ್ಪಾಟ್‌ಲೈಟ್ ಎಂದು ಹೆಸರು. ನಾನು ಬಹುಮಟ್ಟಿಗೆ ಬಳಸುವುದು ಇದನ್ನೇ, ಏಕೆಂದರೆ ದಾರಿ ನನ್ನದಾಗಿರುತ್ತದೆ, ಚೌಕಟ್ಟು ಕದಲದೆ ನಿಲ್ಲುವ ಶ್ರಮ ಮಾತ್ರ ಯಂತ್ರದ್ದಾಗಿರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿದಿದ್ದರೆ ಎಲ್ಲಿ ತಪ್ಪುತ್ತದೆಂಬುದೂ ಮೊದಲೇ ಗೊತ್ತಾಗುತ್ತದೆ. ನಾವು ಪರದೆಯ ಮೇಲೆ ಎಳೆದ ಚೌಕದೊಳಗಿನ ಬಣ್ಣ, ಆಕಾರ, ಅಂಚುಗಳನ್ನು ಯಂತ್ರ ನೆನಪಿಟ್ಟುಕೊಂಡು, ಮುಂದಿನ ಪ್ರತಿ ಫ್ರೇಮಿನಲ್ಲೂ ಅದನ್ನೇ ಹುಡುಕುತ್ತ ಹೋಗುತ್ತದೆ. ಹಸಿರು ಅಂಗಿ ತೊಟ್ಟವನು ಹಸಿರು ಹೊಲದಲ್ಲಿ ನಡೆದರೆ, ಸೈಕಲ್ ಸವಾರ ಮರದ ನೆರಳಿನೊಳಕ್ಕೆ ಹೊಕ್ಕರೆ, ಒಂದೇ ಬಗೆಯ ಉಡುಪಿನವರು ಒಬ್ಬರನ್ನೊಬ್ಬರು ದಾಟಿದರೆ ಅದು ಮರುಳಾಗುವುದು ಸಹಜ. ನೇರ ನೆತ್ತಿಯ ಮೇಲಿನಿಂದ ನೋಡಿದಾಗ ಮನುಷ್ಯ ಬರೀ ತಲೆ ಮತ್ತು ಭುಜಗಳ ಒಂದು ಚುಕ್ಕೆಯಾಗುವುದರಿಂದ ಆಗಲೂ ಗುರುತು ಬೇಗ ಕಳೆದುಹೋಗುತ್ತದೆ. ವ್ಯಕ್ತಿ ಹಿನ್ನೆಲೆಯಿಂದ ಚೆನ್ನಾಗಿ ಬೇರ್ಪಟ್ಟು ಕಾಣುವ ಜಾಗದಲ್ಲಿ ಚೌಕ ಎಳೆಯಿರಿ. ಸೈಕಲ್ ಸವಾರನಾದರೆ ಸೈಕಲನ್ನೂ ಸೇರಿಸಿಯೇ ಎಳೆಯಿರಿ. ಸೌಲಭ್ಯ ಅವಕಾಶ ಕೊಟ್ಟರೆ ವ್ಯಕ್ತಿಯನ್ನು ನಟ್ಟನಡುವಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ, ಅವನು ಹೋಗುತ್ತಿರುವ ಕಡೆ ಹೆಚ್ಚು ಜಾಗ ಬಿಡಿ. ನಡೆಯುವವನ ಮುಂದೆ ದಾರಿ ಕಂಡರೆ ಮಾತ್ರ ಅವನು ಎಲ್ಲಿಗೋ ಹೊರಟಿದ್ದಾನೆ ಎನಿಸುತ್ತದೆ.

ವೇಪಾಯಿಂಟ್ ಸೌಲಭ್ಯದಲ್ಲಿ ದಾರಿಯ ಬಿಂದುಗಳನ್ನೂ ಪ್ರತಿ ಬಿಂದುವಿನ ಎತ್ತರ, ಕ್ಯಾಮೆರಾ ಕೋನಗಳನ್ನೂ ಮೊದಲೇ ಬರೆದಿಡಬಹುದು. ಇದರ ದೊಡ್ಡ ಗುಣ ಪುನರಾವರ್ತನೆ. ಮುಂಜಾನೆಯ ಮಂಜಿನಲ್ಲಿ ಹಾರಿದ ದಾರಿಯಲ್ಲೇ ಸಂಜೆ ದೀಪ ಹಚ್ಚಿದ ಮೇಲೆ ಹಾರಿ, ಎರಡು ತುಣುಕುಗಳನ್ನು ಒಂದರೊಳಗೊಂದು ಕರಗಿಸಬಹುದು. ಉಪಗ್ರಹ ಸಂಕೇತದಿಂದ ಸ್ಥಾನ ಕಂಡುಕೊಳ್ಳುವ ಸಾಧಾರಣ ಡ್ರೋನ್ ಒಂದೆರಡು ಮೀಟರ್ ಆಚೀಚೆ ಆಗುವುದರಿಂದ, ಹತ್ತಿರದ ವಸ್ತುಗಳು ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಳ್ಳುತ್ತವೆಂದು ನಿರೀಕ್ಷಿಸಬಾರದು. ಇನ್ನೊಂದು ಎಚ್ಚರಿಕೆ ಎತ್ತರದ್ದು. ಡ್ರೋನ್ ತೋರಿಸುವ ಎತ್ತರ ಸಾಮಾನ್ಯವಾಗಿ ಅದು ಮೇಲೆದ್ದ ಜಾಗದಿಂದ ಲೆಕ್ಕ ಹಾಕಿದ್ದು, ಕೆಳಗಿರುವ ನೆಲದಿಂದಲ್ಲ. ಗುಡ್ಡದ ಬುಡದಿಂದ ಎಬ್ಬಿಸಿ 40 ಮೀಟರಿನಲ್ಲಿ ದಾರಿ ಹಾಕಿಟ್ಟರೆ, ಇಳಿಜಾರು 35 ಮೀಟರ್ ಏರಿರುವ ಕಡೆ ಉಳಿಯುವುದು 5 ಮೀಟರ್ ಮಾತ್ರ. ಅಲ್ಲೊಂದು ಮರವಿದ್ದರೆ ಅದೂ ಇಲ್ಲ. ಹಳೆಯ ದಾರಿಯನ್ನು ಮತ್ತೆ ಹಾರಿಸುವಾಗ ಅದೇ ಜಾಗದಿಂದಲೇ ಎಬ್ಬಿಸುವುದು ಈ ಕಾರಣಕ್ಕೆ.

ಇನ್ನು ಬೆಳಕಿಗೆ ಬರೋಣ. ಈಗ ಪರದೆಯ ಮೇಲೆ ಎರಡು ತುಣುಕುಗಳನ್ನು ತೋರಿಸಿದೆ. ಓದುಗರಿಗಾಗಿ ಅವನ್ನು ವಿವರಿಸುತ್ತೇನೆ. ದಾರಿ ಎರಡರಲ್ಲೂ ಒಂದೇ. ದಟ್ಟವಾದ ತೋಪಿನ ಮೇಲೆ ಕ್ಯಾಮೆರಾವನ್ನು ಕೆಳಗಿಟ್ಟು ಹೊರಟು, ನಿಧಾನವಾಗಿ ಮುಖವೆತ್ತಿ, ತೋಪಿನಾಚೆಯ ಕೆರೆಯನ್ನೂ ಅದರ ಮೇಲಿನ ಆಕಾಶವನ್ನೂ ತೆರೆದು ತೋರಿಸುವ ಶಾಟ್ ಅದು. ಮೊದಲ ತುಣುಕಿನಲ್ಲಿ ಎಕ್ಸ್‌ಪೋಶರ್ ಆಟೋದಲ್ಲಿತ್ತು. ಆರಂಭದಲ್ಲಿ ಎಲೆಗಳು ಬೂದು ಹಿಡಿದಂತೆ ಪೇಲವವಾಗಿದ್ದವು, ಏಕೆಂದರೆ ಕಂಡದ್ದನ್ನೆಲ್ಲ ಸುಮಾರು 18 ಶೇಕಡ ಬೆಳಕು ಮರಳಿಸುವ ನಡುಬೂದು ಬಣ್ಣಕ್ಕೆ ಎಳೆಯುವುದು ಕ್ಯಾಮೆರಾದ ಬೆಳಕು ಅಳೆಯುವ ಮೀಟರಿನ ಸ್ವಭಾವ. ಕಪ್ಪು ತೋಪನ್ನು ಅದು ಬೆಳಗಿಸಲು ಹೊರಟಿತ್ತು. ಕೆರೆಯ ಹೊಳಪು ಮೇಲಂಚಿನಲ್ಲಿ ಇಣುಕಿದ ಕೂಡಲೇ ಇಡೀ ಚಿತ್ರ ಒಂದು ಮೆಟ್ಟಿಲು ಕಪ್ಪಾಯಿತು. ಆಕಾಶ ಬಂದಾಗ ಇನ್ನೆರಡು ಮೆಟ್ಟಿಲು. ಕೆರೆ ಕಾಣುವ ಹೊತ್ತಿಗೆ ತೋಪು ಮಸಿಯಾಗಿತ್ತು. ನೋಡುವವರ ಮನಸ್ಸು ಕೆರೆಯ ಕಡೆ ಹೋಗಬೇಕಾದ ಕ್ಷಣದಲ್ಲೇ ಬೆಳಕಿನ ಈ ಕುಲುಕಾಟ ಅವರನ್ನು ದೃಶ್ಯದಿಂದ ಹೊರಕ್ಕೆ ಎಳೆದುಹಾಕುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ಸರಿಪಡಿಸಲೂ ಆಗುವುದಿಲ್ಲ.

ಎರಡನೆಯ ತುಣುಕಿಗೆ ನಾನು ಮಾಡಿದ್ದು ಇಷ್ಟೇ. ರೆಕಾರ್ಡ್ ಒತ್ತದೆ ದಾರಿಯ ಕೊನೆಯವರೆಗೂ ಡ್ರೋನನ್ನು ಕೊಂಡೊಯ್ದು, ಅತ್ಯಂತ ಬೆಳಕಿರುವ ಆ ಕೊನೆಯ ಫ್ರೇಮಿನಲ್ಲಿ ನಿಲ್ಲಿಸಿದೆ. ಬೆಳಕು ಮಿತಿಮೀರಿದ ಕಡೆ ಪಟ್ಟೆಗಳನ್ನು ತೋರಿಸುವ ಜೀಬ್ರಾ ಗುರುತನ್ನು ಹಾಕಿಕೊಂಡು, ಮೋಡದ ಅಂಚಿನ ಪಟ್ಟೆಗಳು ಮಾಯವಾಗುವವರೆಗೆ ಎಕ್ಸ್‌ಪೋಶರ್ ಇಳಿಸಿ, ಅಲ್ಲಿಗೆ ಲಾಕ್ ಮಾಡಿದೆ. ಆಮೇಲೆ ಆರಂಭಕ್ಕೆ ಮರಳಿ ಬಂದು ಶಾಟ್ ತೆಗೆದೆ. ತೋಪು ತೋಪಿನಷ್ಟೇ ಕಪ್ಪಾಗಿ, ಕೆರೆ ಬಂದಾಗ ಕಣ್ಣು ಅರಳುವಂತೆ ಬಂದಿದೆ. ಕತ್ತಲಿನಿಂದ ಬೆಳಕಿಗೆ ಬರುವುದೇ ಆ ಶಾಟಿನ ಅರ್ಥವಾಗಿತ್ತು; ಮೊದಲ ತುಣುಕಿನಲ್ಲಿ ಕ್ಯಾಮೆರಾ ಆ ಅರ್ಥವನ್ನೇ ಅಳಿಸಿಹಾಕಿತ್ತು.

ಶಟರಿನ ವೇಗವನ್ನೂ ಆಟೋಗೆ ಬಿಡಬಾರದು. ಸೆಕೆಂಡಿಗೆ 25 ಫ್ರೇಮ್‌ಗಳಲ್ಲಿ ಚಿತ್ರೀಕರಿಸುವಾಗ ಶಟರ್ ಸೆಕೆಂಡಿನ 1/50 ಭಾಗದಷ್ಟು ತೆರೆದಿದ್ದರೆ ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ ಎಂಬುದು ಹಳೆಯ ವಾಡಿಕೆ. ಆದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/2.8ರಲ್ಲೇ ಸ್ಥಿರವಾಗಿರುವ ಚಿಕ್ಕ ಡ್ರೋನಿನಲ್ಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಇಟ್ಟರೂ, ನಡುಹಗಲಿನ ಬಿಸಿಲಿಗೆ ಸರಿಯಾದ ಶಟರ್ ಸುಮಾರು 1/3200 ಆಗುತ್ತದೆ. ಆಟೋ ಅದನ್ನೇ ಆರಿಸುತ್ತದೆ, ಮತ್ತು ತಗ್ಗಿನಲ್ಲಿ ಹಾರುವಾಗ ನೆಲ ಕತ್ತರಿಸಿ ಕತ್ತರಿಸಿ ಓಡಿದಂತೆ ಕಾಣುತ್ತದೆ. 1/3200ರಿಂದ 1/50ಕ್ಕೆ ಇಳಿಯಬೇಕಾದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ತಗ್ಗಿಸಬೇಕು. ಎನ್‌ಡಿ64 ಎಂಬ ಫಿಲ್ಟರ್ ಮಾಡುವುದು ಸರಿಯಾಗಿ ಅದನ್ನೇ. ಮೋಡ ಕವಿದರೆ ಎನ್‌ಡಿ16 ಅಥವಾ ಎನ್‌ಡಿ8 ಸಾಕು. ಬಹಳ ಎತ್ತರದಿಂದ, ದೂರದ ದೃಶ್ಯವನ್ನು ತೆಗೆಯುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಅಲ್ಲಿ ಫಿಲ್ಟರಿಲ್ಲದೆಯೂ ನಡೆಯುತ್ತದೆ.

ಬಣ್ಣದ ಹದವನ್ನು ತೀರ್ಮಾನಿಸುವ ವೈಟ್ ಬ್ಯಾಲೆನ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಬಿಸಿಲಿನಲ್ಲಿ 5500 ಕೆಲ್ವಿನ್ ಆಸುಪಾಸು ಒಂದು ಅಂಕಿ ಇಟ್ಟು ಬಿಟ್ಟುಬಿಡಿ. ಆಟೋದಲ್ಲಿಟ್ಟರೆ ಸೂರ್ಯಾಸ್ತದ ಕೆಂಪನ್ನು ಅದು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಫೋಕಸ್ ಕೂಡ ಹಾಗೆಯೇ. ಚಿತ್ರ ಹಿಡಿಯುವ ಒಂದಿಂಚಿನ ಸೆನ್ಸರ್, 8.8 ಮಿಲಿಮೀಟರ್ ಲೆನ್ಸ್ ಇರುವ ಕ್ಯಾಮೆರಾದಲ್ಲಿ ಎಫ್/4 ಇಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೂ ಅಲ್ಲಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ದೂರದ ವಸ್ತುವಿನ ಮೇಲೆ ಒಮ್ಮೆ ಫೋಕಸ್ ಮಾಡಿಸಿ, ಮ್ಯಾನುಯಲ್‌ಗೆ ಬದಲಿಸಿದರೆ ಶಾಟಿನ ನಡುವೆ ಅದು ತಡಕಾಡುವ ಪ್ರಶ್ನೆಯೇ ಇಲ್ಲ.

ನಾನು ಹೇಳಿದ ಕ್ರಮ ಮುರಿದುಬೀಳುವ ಒಂದು ಜಾಗವಿದೆ, ಅದನ್ನೂ ಹೇಳಬೇಕು. ಅದು ಹೈಪರ್‌ಲ್ಯಾಪ್ಸ್. ಡ್ರೋನ್ ಸಾಗುತ್ತಲೇ ಎರಡೆರಡು ಸೆಕೆಂಡಿಗೊಂದು ಫೋಟೊ ತೆಗೆದು, ಅವನ್ನೆಲ್ಲ ಸೇರಿಸಿ ವಿಡಿಯೊ ಮಾಡುತ್ತದೆ. ಸೆಕೆಂಡಿಗೆ 25 ಫ್ರೇಮಿನಂತೆ ಹತ್ತು ಸೆಕೆಂಡಿನ ವಿಡಿಯೊಗೆ 250 ಫೋಟೊಗಳು ಬೇಕು, ಅದಕ್ಕೆ 500 ಸೆಕೆಂಡು, ಎಂದರೆ 8 ನಿಮಿಷ 20 ಸೆಕೆಂಡು ಹಾರಬೇಕು. ಸೆಕೆಂಡಿಗೆ ಅರ್ಧ ಮೀಟರಿನಂತೆ ತೆವಳಿದರೂ ಅಷ್ಟರಲ್ಲಿ 250 ಮೀಟರ್ ಸಾಗಿರುತ್ತದೆ, ವಿಡಿಯೊದಲ್ಲಿ ಅದು ಗಂಟೆಗೆ 90 ಕಿಲೋಮೀಟರ್ ವೇಗವಾಗಿ ಕಾಣುತ್ತದೆ. ಸೂರ್ಯ ಮುಳುಗುವ ಹೊತ್ತಿನಲ್ಲಿ ಆ ಎಂಟು ನಿಮಿಷಗಳಲ್ಲಿ ಬೆಳಕು ಬಹಳ ಇಳಿದುಹೋಗುವುದರಿಂದ, ಎಕ್ಸ್‌ಪೋಶರನ್ನು ಲಾಕ್ ಮಾಡಿಟ್ಟರೆ ಕೊನೆಯ ಫೋಟೊಗಳು ಕತ್ತಲಾಗಿಬಿಡುತ್ತವೆ. ಅಲ್ಲಿ ಎಕ್ಸ್‌ಪೋಶರನ್ನು ಆಟೋಗೇ ಬಿಟ್ಟು, ಸ್ವಲ್ಪ ಕಡಿಮೆ ಬೆಳಕಿನ ಕಡೆಗೆ ಒತ್ತಿಟ್ಟು, ಫೋಟೊಗಳನ್ನು ಕ್ಯಾಮೆರಾ ಸಂಸ್ಕರಿಸದ ‘ರಾ’ ರೂಪದಲ್ಲಿ ಉಳಿಸಿಕೊಂಡು, ಮಿನುಗುವಿಕೆಯನ್ನು ಎಡಿಟಿಂಗ್‌ನಲ್ಲಿ ಸಮಮಾಡುತ್ತೇನೆ. ಬಣ್ಣವನ್ನು ಮಾತ್ರ ಅಲ್ಲಿಯೂ ಲಾಕ್ ಮಾಡಿಯೇ ಇಡುತ್ತೇನೆ.

ಹೈಪರ್‌ಲ್ಯಾಪ್ಸಿಗೆ ಯಾವಾಗಲೂ ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನೇ ಹಾಕಿ, ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜೊತೆಗೆ ಬರುವಂತೆ ದಾರಿ ಆರಿಸಿಕೊಳ್ಳಿ. ಡ್ರೋನ್ ತಾನಾಗಿಯೇ ಮರಳಿ ಬರುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಮೇಲೆ ಇಟ್ಟಿರಿ, ಏಕೆಂದರೆ ಶಾಟ್ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ ಮತ್ತು ಸೆನ್ಸರ್‌ಗಳಿಗೆ ಆ ಮರ ಕಾಣುವುದಿಲ್ಲ.